ಪ್ಲಾಸ್ಮಾ ಎಕ್ಸೋಸೋಮ್: ಎನ್‌ಟಿಎಯಲ್ಲಿ ಕಣ ರಾಶಿ ರಾಶಿ, ಬ್ಲಾಟ್‌ನಲ್ಲಿ ಸಿಡಿ63 ಕಾಣುವುದಿಲ್ಲ

ದೇರಳಕಟ್ಟೆ_ಬೆಂಚ್:
ನಮಸ್ಕಾರ. ಪಾರ್ಕಿನ್ಸನ್ ರೋಗಿಗಳ ಪ್ಲಾಸ್ಮಾದಿಂದ (ರಕ್ತಕಣ ತೆಗೆದ ದ್ರವ) ಎಕ್ಸೋಸೋಮ್, ಅಂದರೆ ಜೀವಕೋಶ ಹೊರಬಿಡುವ ಅತಿ ಸಣ್ಣ ಚೀಲ (ವೆಸಿಕಲ್), ತೆಗೆದು ಅದರಲ್ಲಿ ಈ ರೋಗಕ್ಕೆ ಸಂಬಂಧಿಸಿದ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಅಳೆಯಬೇಕು. ಸೆಂಟ್ರಿಫ್ಯೂಜಿನಲ್ಲಿ 2,000 ಜಿ (ಗುರುತ್ವದ 2,000 ಪಟ್ಟು), 10,000 ಜಿ, ಆಮೇಲೆ 1,00,000 ಜಿಯಲ್ಲಿ 70 ನಿಮಿಷ ತಿರುಗಿಸುತ್ತೇನೆ. ಎನ್‌ಟಿಎ, ಅಂದರೆ ಕಣ ಎಣಿಸುವ ಯಂತ್ರದಲ್ಲಿ, 100 ನ್ಯಾನೋಮೀಟರ್ ಆಸುಪಾಸಿನ ಕಣ ಬೇಕಾದಷ್ಟು ಉಂಟು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾತ್ರ ಎಕ್ಸೋಸೋಮ್‌ನ ಗುರುತಿನ ಪ್ರೋಟೀನುಗಳಾದ ಸಿಡಿ63, ಟಿಎಸ್‌ಜಿ101 ಎರಡೂ ಮಸುಕು, 66 ಕಿಲೋಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್. ಆಂಟಿಬಾಡಿ ಬದಲಿಸಿದರೂ ಅಷ್ಟೇ. ರಕ್ತ ಉಡುಪಿಯ ಒಂದು ಕ್ಲಿನಿಕ್‌ನಿಂದ ಐಸ್ ಡಬ್ಬಿಯಲ್ಲಿ ಬರುತ್ತದೆ.

ಮಣಿಪಾಲ_ವೆಸಿಕಲ್:
ರೋಗಿಗಳು ಖಾಲಿ ಹೊಟ್ಟೆಯಲ್ಲಿ ಬರುವುದಾ? ಪ್ಲಾಸ್ಮಾ ಬಣ್ಣ ಹೇಗುಂಟು?

ದೇರಳಕಟ್ಟೆ_ಬೆಂಚ್:
ಇಲ್ಲ, ತಿಂಡಿ ಮುಗಿಸಿಯೇ ಒಪಿಡಿಗೆ ಬರುವುದು. ಕೆಲವು ಟ್ಯೂಬ್ ಹಾಲು ಬೆರೆಸಿದಂತೆ ಬೆಳ್ಳಗೆ, ಒಂದೆರಡು ನಸುಗೆಂಪು.

ಮಣಿಪಾಲ_ವೆಸಿಕಲ್:
ಹಾಗಾದರೆ ಆಂಟಿಬಾಡಿಯನ್ನು ದೂರಿ ಪ್ರಯೋಜನ ಇಲ್ಲ. ಆ ಬಿಳಿ ಕೈಲೋಮೈಕ್ರಾನ್, ತಿಂದ ಮೇಲೆ ರಕ್ತಕ್ಕೆ ಬರುವ ಕೊಬ್ಬಿನ ಕಣ. ಎನ್‌ಟಿಎ ಬೆಳಕು ಚದುರಿಸುವ ಕಣವನ್ನೆಲ್ಲ ಎಣಿಸುತ್ತದೆ, ಅದು ವೆಸಿಕಲ್ಲೋ ಕೊಬ್ಬೋ ಎಂದು ನೋಡುವುದಿಲ್ಲ. ರಕ್ತದಲ್ಲಿ ಲಿಪೋಪ್ರೋಟೀನ್ (ಕೊಬ್ಬು ಸಾಗಿಸುವ ಕಣ) ವೆಸಿಕಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು. 66 ಕಿಲೋಡಾಲ್ಟನ್ ಬ್ಯಾಂಡ್ ರಕ್ತದಲ್ಲಿ ಹೇರಳವಾಗಿರುವ ಪ್ರೋಟೀನ್ ಆಲ್ಬುಮಿನ್.

ನಿಮ್ಮ ಕೆಲಸಕ್ಕೆ ನಸುಗೆಂಪು ಟ್ಯೂಬೇ ಹೆಚ್ಚು ಅಪಾಯ. ರಕ್ತದ ಆಲ್ಫಾ-ಸಿನ್ಯೂಕ್ಲಿನ್‌ನಲ್ಲಿ ಶೇ. 99ರಷ್ಟು ಕೆಂಪು ರಕ್ತಕಣದಲ್ಲೇ ಇರುತ್ತದೆ. ನಾಲ್ಕು ಕಣ ಒಡೆದರೂ ನೀವು ಅಳೆಯುವುದು ರೋಗವನ್ನಲ್ಲ, ಹೀಮೋಲಿಸಿಸನ್ನು. 414 ನ್ಯಾನೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ (ಹಿಮೋಗ್ಲೋಬಿನ್ ಬೆಳಕು ಹೀರುವ ಪ್ರಮಾಣ) ನೋಡಿ, ಹೆಚ್ಚಿದ್ದರೆ ಆ ಸ್ಯಾಂಪಲ್ ಕೈಬಿಡಿ. ಮನಸ್ಸು ಬರುವುದಿಲ್ಲ, ಆದರೂ ಬಿಡಲೇಬೇಕು.

ಐಸ್ ಬೇಡವೇ ಬೇಡ. ತಂಪು ತಾಗಿದರೆ ಪ್ಲೇಟ್‌ಲೆಟ್ ಕೆರಳಿ ತನ್ನದೇ ವೆಸಿಕಲ್ ಬಿಡುತ್ತದೆ. ಕ್ಲಿನಿಕ್‌ನಲ್ಲೇ, ಕೋಣೆಯ ಉಷ್ಣತೆಯಲ್ಲಿ, 2,500 ಜಿಗೆ 15 ನಿಮಿಷದಂತೆ ಎರಡು ಸಲ ತಿರುಗಿಸಿ ಪ್ಲೇಟ್‌ಲೆಟ್ ತೆಗೆಯಿರಿ. ಮೈನಸ್ 80ಕ್ಕೆ ಹಾಕುವುದು ಅದಾದ ಮೇಲೆ. ಇಡೀ ರಕ್ತವನ್ನು ಹೆದ್ದಾರಿ 66ರಲ್ಲಿ ಕುಲುಕಿಸಿಕೊಂಡು ತರುವ ಕ್ರಮ ನಿಲ್ಲಿಸಿ.

ಶುದ್ಧೀಕರಣಕ್ಕೆ ಒಂದೇ ವಿಧಾನ ಸಾಲುವುದಿಲ್ಲ. ವಿಎಲ್‌ಡಿಎಲ್, ಎಚ್‌ಡಿಎಲ್ ಎರಡೂ ಲಿಪೋಪ್ರೋಟೀನ್‌ಗಳೇ. ವಿಎಲ್‌ಡಿಎಲ್‌ಗೂ ವೆಸಿಕಲ್‌ಗೂ ಗಾತ್ರ ಹತ್ತಿರ ಹತ್ತಿರ, ಸಾಂದ್ರತೆ ಬೇರೆ. ಎಚ್‌ಡಿಎಲ್‌ದು ಉಲ್ಟಾ: ಸಾಂದ್ರತೆ ಹತ್ತಿರ, ಗಾತ್ರ ತೀರಾ ಚಿಕ್ಕದು. ಗಾತ್ರ ನೋಡಿ ಬೇರ್ಪಡಿಸುವ ಎಸ್‌ಇಸಿ ಕಾಲಮ್ ಎಚ್‌ಡಿಎಲ್, ಆಲ್ಬುಮಿನ್ ತೆಗೆಯುತ್ತದೆ, ಸಾಂದ್ರತೆ ನೋಡಿ ಬೇರ್ಪಡಿಸುವ ಅಯೋಡಿಕ್ಸನಾಲ್ ಗ್ರೇಡಿಯೆಂಟ್ ವಿಎಲ್‌ಡಿಎಲ್ ತೆಗೆಯುತ್ತದೆ. ಎಚ್‌ಡಿಎಲ್‌ನ ಪ್ರೋಟೀನ್ ಅಪೋಎ1, ವಿಎಲ್‌ಡಿಎಲ್‌ನ ಪ್ರೋಟೀನ್ ಅಪೋಬಿ ಎಷ್ಟು ಉಳಿಯಿತು ಅಂತಲೂ ತೋರಿಸಿ. ಅಪೋಬಿ-100 ಸುಮಾರು 500 ಕಿಲೋಡಾಲ್ಟನ್, ಬ್ಲಾಟ್‌ನ ಮೆಂಬ್ರೇನ್‌ಗೆ ಸುಲಭದಲ್ಲಿ ಇಳಿಯುವುದಿಲ್ಲ, ಅದಕ್ಕೆ ಎಲೈಸಾ (ಬ್ಲಾಟ್ ಇಲ್ಲದೆ ಆಂಟಿಬಾಡಿಯಿಂದ ಅಳೆಯುವ ಪರೀಕ್ಷೆ) ಒಳ್ಳೆಯದು.

ಮುಂದೆ ಎಲ್1ಕ್ಯಾಮ್ (ನರಕೋಶದ ಗುರುತೆಂದು ಬಳಸುವ ಪ್ರೋಟೀನ್) ಹಿಡಿದು ಮಿದುಳಿನ ವೆಸಿಕಲ್ ಬೇರ್ಪಡಿಸುವ ಯೋಚನೆ ಇದ್ದರೆ ನಿಧಾನಿಸಿ. ಪ್ಲಾಸ್ಮಾದ ಎಲ್1ಕ್ಯಾಮ್ ಹೆಚ್ಚಾಗಿ ವೆಸಿಕಲ್ ಮೇಲಿಲ್ಲ, ಬಿಡಿ ಪ್ರೋಟೀನಾಗಿ ಉಂಟು ಎಂದು 2021ರಲ್ಲೇ ತೋರಿಸಿದ್ದಾರೆ.

ಕಾಪು_ಓದುಗ:
ನಡುವೆ ಕೇಳುತ್ತಿದ್ದೇನೆ. ನಮ್ಮ ಚಿಕ್ಕಪ್ಪನಿಗೆ ಪಾರ್ಕಿನ್ಸನ್. ಎಕ್ಸೋಸೋಮ್ ಡ್ರಿಪ್ ಹಾಕಿದರೆ ನಡುಕ ನಿಲ್ಲುತ್ತದೆ ಅಂತ ಒಬ್ಬರು ಹಣ ಕೇಳುತ್ತಿದ್ದಾರೆ. ಹಾಕಿಸಬಹುದಾ?

ಮಣಿಪಾಲ_ವೆಸಿಕಲ್:
ದಯವಿಟ್ಟು ಬೇಡ. ಮೇಲೆ ನೋಡಿದಿರಲ್ಲ, ಟ್ಯೂಬಿನಲ್ಲಿ ಏನುಂಟು ಎಂದು ಖಚಿತ ಮಾಡುವುದೇ ಇಷ್ಟು ಕಷ್ಟ. ಎಕ್ಸೋಸೋಮ್ ಎಂದು ಮಾರುವ ಉತ್ಪನ್ನಗಳಿಂದ ರೋಗಿಗಳಿಗೆ ತೀವ್ರ ತೊಂದರೆಯಾದ ವರದಿ ಬಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಪಾರ್ಕಿನ್ಸನ್ ಔಷಧ ಲಿವೊಡೋಪಾ ನಡೆಯುತ್ತಿದ್ದರೆ ನಿಲ್ಲಿಸಬೇಡಿ, ನರರೋಗ ತಜ್ಞರ ಹತ್ತಿರ ಮಾತಾಡಿ.

ದೇರಳಕಟ್ಟೆ_ಬೆಂಚ್:
ಖಾಲಿ ಹೊಟ್ಟೆಯ ರಕ್ತ, ಐಸ್ ಇಲ್ಲ, ಎರಡು ಸ್ಪಿನ್, ಮತ್ತೆ ಎಸ್‌ಇಸಿ ಮಾಡಿದೆ. ಕಣದ ಎಣಿಕೆ ಬಹಳ ಇಳಿಯಿತು, ಸಿಡಿ63 ಕಾಣತೊಡಗಿದೆ. ಅಪೋಬಿ ಇನ್ನೂ ಉಂಟು. ಗ್ರೇಡಿಯೆಂಟ್‌ಗೆ 1 ಮಿಲಿ ಪ್ಲಾಸ್ಮಾ ಸಾಕಾ?

ಮಣಿಪಾಲ_ವೆಸಿಕಲ್:
1 ಮಿಲಿ ಸಾಲದು. ಪ್ರತಿ ಹಂತದಲ್ಲೂ ವೆಸಿಕಲ್ ನಷ್ಟವಾಗುತ್ತದೆ. ಆರೋಗ್ಯವಂತರ ಪ್ಲಾಸ್ಮಾ ಒಟ್ಟುಗೂಡಿಸಿ ಮೊದಲು ಅದರಲ್ಲಿ ವಿಧಾನ ಕುದುರಿಸಿಕೊಳ್ಳಿ, ರೋಗಿಗಳದ್ದನ್ನು ಈಗಲೇ ಮುಟ್ಟಬೇಡಿ.