ಅಪ್ಪನ ಸೇನೆಯ ದಿನಗಳನ್ನು ಬರೆದಿಡುವುದು ಹೇಗೆ?

ಪ್ರಶ್ನೆ:
ಕಳೆದ ವರ್ಷ ತೀರಿಕೊಂಡ ನಮ್ಮ ತಂದೆಯವರು ಸೇನೆಯ ಇ.ಎಂ.ಇ. (ವಿದ್ಯುತ್ ಮತ್ತು ಯಾಂತ್ರಿಕ ಎಂಜಿನಿಯರ್‌ಗಳ) ದಳದಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದು, ನಿವೃತ್ತರಾದ ಮೇಲೆ ಗೋಣಿಕೊಪ್ಪಲಿನಲ್ಲಿ ವರ್ಕ್‌ಶಾಪ್ ತೆರೆದು, ತೋಟದ ಜೀಪುಗಳನ್ನೂ ಕಾಫಿ ಪಲ್ಪರ್‌ಗಳನ್ನೂ ದುರಸ್ತಿ ಮಾಡುತ್ತ ಮೂವರು ಮಕ್ಕಳನ್ನು ಓದಿಸಿದರು. ಆಯುಧಗಳನ್ನು ಪೂಜಿಸುವ ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಪಕ್ಕ ತಮ್ಮ ಸ್ಪ್ಯಾನರ್‌ಗಳನ್ನೂ ಇಟ್ಟು ಪೂಜಿಸುತ್ತಿದ್ದ ಅವರು ಯುದ್ಧದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಅವರ ಜೀವನವನ್ನು ಬರೆದು ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಇಡಬೇಕೆಂದಿದ್ದೇನೆ. ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕವೂ ಕೆಲವು ಪದಕಗಳೂ ಇವೆ. ಎಲ್ಲಿಂದ ಆರಂಭಿಸಲಿ?

ಉತ್ತರ 1:
ನಾನೂ ನಿವೃತ್ತ ಸುಬೇದಾರ್. ನಿಮ್ಮ ತಂದೆಯವರಿಗೆ ನನ್ನ ನಮನಗಳು. ಡಿಸ್ಚಾರ್ಜ್ ಪುಸ್ತಕದಲ್ಲಿ ಭರ್ತಿಯಾದ ದಿನಾಂಕ, ಟ್ರೇಡ್ (ಸೇನೆಯಲ್ಲಿ ಮಾಡಿದ ಕೆಲಸ), ಪಡೆದ ಪದಕಗಳು ಎಲ್ಲವೂ ಇರುತ್ತವೆ. ಪದಕಗಳಲ್ಲಿ ಪೂರ್ವಿ ಸ್ಟಾರ್ ಇದ್ದರೆ ಅವರು 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿದ್ದರೆಂದೂ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ ರಂಗದಲ್ಲಿದ್ದರೆಂದೂ ತಿಳಿಯಬಹುದು. ಇ.ಎಂ.ಇ. ದಾಖಲೆ ಕಚೇರಿ ಸಿಕಂದರಾಬಾದಿನಲ್ಲಿದೆ. ಸೇನಾ ಸಂಖ್ಯೆಯನ್ನು ತಪ್ಪದೆ ನಮೂದಿಸಿ ಪತ್ರ ಬರೆಯಿರಿ. 1943ರಲ್ಲಿ ಸ್ಥಾಪನೆಯಾದ ಆ ದಳದವರು ಕೆಟ್ಟುನಿಂತ ವಾಹನಗಳನ್ನು ರಣರಂಗದ ಸಮೀಪದಲ್ಲೇ ಸರಿಪಡಿಸಿ ಮತ್ತೆ ಮುಂದಕ್ಕೆ ಕಳುಹಿಸುವವರು, ಆದ್ದರಿಂದ ಮೆಕ್ಯಾನಿಕ್ ಎಂದು ಬರೆಯಲು ಎಳ್ಳಷ್ಟೂ ಹಿಂಜರಿಯಬೇಡಿ.

ಉತ್ತರ 2:
ಕಾರ್ಯಪ್ಪನವರ, ತಿಮ್ಮಯ್ಯನವರ ಬದುಕು ಎಲ್ಲರಿಗೂ ಗೊತ್ತು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆಯೇ ಸ್ಮಾರಕವಾಗಿದೆ. ಸಾಮಾನ್ಯ ಸೈನಿಕರ ಕಥೆಯನ್ನು ಮನೆಯವರೇ ಬರೆಯಬೇಕು. ಮೊದಲು ತಾಯಿಯವರನ್ನು ಕೂರಿಸಿಕೊಂಡು ಕೇಳಿ: ರಜೆಯಲ್ಲಿ ಬಂದಾಗ ಏನು ತರುತ್ತಿದ್ದರು, ಪತ್ರ ಬಾರದ ತಿಂಗಳುಗಳನ್ನು ತಾಯಿಯವರು ಹೇಗೆ ಕಳೆದರು ಎಂಬುದನ್ನು ಯಾವ ದಾಖಲೆಯೂ ಹೇಳುವುದಿಲ್ಲ. ವರ್ಕ್‌ಶಾಪಿನಲ್ಲಿ ಕೆಲಸ ಕಲಿತ ಹುಡುಗರನ್ನೂ ಬಿಡಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಟ್ರಂಕಿನಲ್ಲಿ ಪೂರ್ವಿ ಸ್ಟಾರ್ ಇದೆ. ಅಮ್ಮ ಇಂದು ರಾತ್ರಿಯೇ ಹೇಳಲು ಒಪ್ಪಿದ್ದಾರೆ.