ಸಹಾಯ ಬೇಕು: ಹೋಲ್ಗಾ ಲೆನ್ಸನ್ನು ಕೋಪಾಲ್ ಶಟರ್‌ನ ಮುಂದೆ ಕೂರಿಸಬೇಕಾ, ಹಿಂದೆಯಾ?

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ದಾರಿ ತೋರಿಸಿ.

ಹೋಲ್ಗಾ ಅನ್ನುವ ಪ್ಲಾಸ್ಟಿಕ್ ಫಿಲ್ಮ್ ಕ್ಯಾಮೆರಾದ 60 ಎಂಎಂ ಪ್ಲಾಸ್ಟಿಕ್ ಲೆನ್ಸ್ ಬಿಚ್ಚಿ, ಹಳೆಯ ಕೋಪಾಲ್ 0 ಶಟರ್‌ಗೆ (ಬೆಳಕನ್ನು ಬೇಕಾದಷ್ಟು ಹೊತ್ತು ಮಾತ್ರ ಒಳಬಿಡುವ ಬಿಡಿ ಸಾಧನ) ಜೋಡಿಸುತ್ತಿದ್ದೇನೆ. ಹೋಲ್ಗಾದಲ್ಲಿ 1/100 ಸೆಕೆಂಡಿನ ಆಸುಪಾಸಿನ ಒಂದೇ ವೇಗ, ಬಿಟ್ಟರೆ ಬಲ್ಬ್, ಅಂದರೆ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವುದು. ಕೋಪಾಲ್‌ನಲ್ಲಿ 1 ಸೆಕೆಂಡಿನಿಂದ 1/500ರವರೆಗೆ ಸಿಗುತ್ತದೆ. ಆ ಲೆನ್ಸಿನ ಮೆತ್ತನೆಯ ಚಿತ್ರ ನನಗೆ ತುಂಬಾ ಇಷ್ಟ, ಸಂಜೆ ಬೆಳಕಲ್ಲೂ ಅದು ಬೇಕು ಅಂತ ಆಸೆ.

ರಟ್ಟಿನ ಬಳೆ ಮಾಡಿ ಲೆನ್ಸನ್ನು ಶಟರ್‌ನ ಮುಂದೆ ಕೂರಿಸಿದೆ. ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ಶಟರ್ ತೆರೆದಿಟ್ಟು, ದೂರದ ಮರ ನೋಡಿದೆ. ನಡುವಿನ ಎಲೆಗಳು ಚೆನ್ನಾಗಿ ಕಾಣುತ್ತವೆ. ಮೂಲೆಗಳು ಮಾತ್ರ ಮೊದಲಿಗಿಂತ ಜಾಸ್ತಿ ಕಪ್ಪು, ಎಲ್ಲ ಕಲಸಿದ ಹಾಗೆ. ಬಳೆ ತೆಳು ಮಾಡಿದೆ, ಶಟರ್‌ನೊಳಗಿನ ಐರಿಸ್ (ಹಿಗ್ಗಿಸಿ ಕುಗ್ಗಿಸಬಹುದಾದ ಬೆಳಕಿನ ತೂತು) ಕಿರಿದು ಮಾಡಿದೆ. ಮಬ್ಬು ಸ್ವಲ್ಪ ಇಳಿಯಿತು, ಕಪ್ಪು ಹೋಗಲಿಲ್ಲ. ಮೊದಲು ಹೋಲ್ಗಾದಲ್ಲಿ ಬೆಳಕಿನ ತೂತು ಲೆನ್ಸಿನ ಬೆನ್ನಿಗೇ ಇತ್ತು, ಈಗ ಐರಿಸ್ ಸುಮಾರು 1 ಸೆಂ.ಮೀ. ಹಿಂದೆ ಸರಿದಿದೆ. ಅದೇ ಕಾರಣ ಅಲ್ವಾ?

ಲೆನ್ಸನ್ನು ಶಟರ್‌ನ ಹಿಂದೆ ಹಾಕೋಣ ಅಂದರೆ ಇನ್ನೊಂದು ಗೊಂದಲ. ಲೆನ್ಸಿನ ಒಂದು ಬದಿ ಉಬ್ಬು, ಇನ್ನೊಂದು ತಗ್ಗು. ಇಂಥ ಒಂಟಿ ಲೆನ್ಸಿನಲ್ಲಿ ತಗ್ಗು ಬದಿ ಐರಿಸ್ ಕಡೆಗೇ ಇರಬೇಕು ಅಂತ ಓದಿದ್ದೇನೆ. ಹಾಗಾದರೆ ಹಿಂದೆ ಹಾಕುವಾಗ ಲೆನ್ಸನ್ನು ತಿರುಗಿಸಿ ಕೂರಿಸಬೇಕಾ? ಅಥವಾ ಮುಂದೆಯೇ ಇಟ್ಟು ಐರಿಸ್‌ಗೆ ಇನ್ನೂ ಹತ್ತಿರ ತರುವುದು ಒಳ್ಳೆಯದಾ? ಎರಡನ್ನೂ ಮಾಡಿ ನೋಡಿದವರು ಇದ್ದರೆ, ಯಾವುದರಲ್ಲಿ ಮೂಲೆ ಸರಿಯಾಯಿತು ಅಂತ ಹೇಳಿ.