ಕುದುರೆ ತರಬೇತಿ: ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೊಡೆಯದೆ ಬಡಿಯದೆ ಕುದುರೆಗೆ ಕಲಿಸುವುದು ಹೇಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸವಾರಿ ಕಲಿಯುವವರಿಗೆ, ಲಾಯದಲ್ಲಿ ಕೆಲಸ ಮಾಡುವವರಿಗೆ. ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ ಹತ್ತಿರ ಬಂದು ನಿಂತಿದೆ. ಅಂದರೆ, ಹೇಳಿದ್ದು ಮಾಡಿದ ಕೂಡಲೇ ಕಿರಿಕಿರಿ ಕೊಡುತ್ತಿದ್ದುದನ್ನು ತೆಗೆದು ಕಲಿಸುವುದು.

ಪಠ್ಯಗಳಲ್ಲಿ ‘ಋಣಾತ್ಮಕ ಪುನರ್ಬಲನ’ ಎಂದಿದೆ. ಓದಿದವರು ‘ಶಿಕ್ಷೆ’ ಅಂತಲೇ ತಿಳಿಯುತ್ತಾರೆ. ಇಲ್ಲಿ ಋಣ ಅಂದರೆ ಕೆಟ್ಟದ್ದಲ್ಲ, ಬರೀ ಕಳೆಯುವ ಲೆಕ್ಕ. ಸವಾರ ಲಗಾಮು ಬಿಗಿ ಮಾಡುತ್ತಾನೆ, ಕುದುರೆ ನಿಲ್ಲುತ್ತದೆ, ಆ ಕ್ಷಣವೇ ಅವನು ಬಿಗಿ ಬಿಡುತ್ತಾನೆ. ಕುದುರೆ ಕಲಿಯುವುದು ಎಳೆದಾಗ ಅಲ್ಲ, ಬಿಟ್ಟಾಗ. ಕಾಲಿನಿಂದ ಪಕ್ಕೆ ಒತ್ತುವುದೂ ಹೀಗೇ. ನಿಂತ ಮೇಲೂ ಎಳೆದೇ ಹಿಡಿದರೆ ನಿಂತದ್ದು ಸರಿಯೋ ತಪ್ಪೋ ಅದಕ್ಕೆ ಹೇಗೆ ಗೊತ್ತಾಗಬೇಕು? ತಲೆ ಕೊಡವುತ್ತದೆ, ಬಾಯಿ ತೆರೆಯುತ್ತದೆ, ಬಾಲ ಬೀಸುತ್ತದೆ. ‘ಮೊಂಡು ಕುದುರೆ’ ಅಂತ ಸವಾರ ಇನ್ನೂ ಜೋರಾಗಿ ಎಳೆಯುತ್ತಾನೆ. ಕೊನೆಗೆ ಎಷ್ಟು ಎಳೆದರೂ ಅದು ಕೇಳುವುದಿಲ್ಲ. ಇಂಥದ್ದಕ್ಕೆ ‘ಬಾಯಿ ಜಡ್ಡುಗಟ್ಟಿದೆ’ ಅಂತ ಬರೆದಿದ್ದೇನೆ. ಅದು ಒಗ್ಗುತ್ತದೆ ಅನಿಸುತ್ತದೆ.

ಮೂಲ ಪದಕ್ಕೆ ಮೊದಲು ಹೊಳೆದದ್ದು ‘ಸಡಿಲಿಸಿ ಕಲಿಸುವುದು’. ಆದರೆ ಲಗಾಮು ಸಡಿಲವಾಯಿತು ಅಂದರೆ ನಮ್ಮಲ್ಲಿ ಹಿಡಿತ ತಪ್ಪಿತು ಎಂದೇ ಅರ್ಥ, ಅಲ್ವಾ? ಮಕ್ಕಳ ಬಗ್ಗೆಯೂ ಖರ್ಚಿನ ಬಗ್ಗೆಯೂ ಹಾಗೇ ಹೇಳುತ್ತೇವೆ. ಅದಕ್ಕೆ ಸದ್ಯ ‘ಒತ್ತಿ ಬಿಡುವ ಕ್ರಮ’ ಎಂದಿಟ್ಟಿದ್ದೇನೆ. ಚೆಂದವೇನಿಲ್ಲ. ಆದರೆ ಲಾಯದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಬಲ’ ಅನ್ನುವ ಪದ ಮಾತ್ರ ಬೇಡ. ಕುದುರೆಯ ಮೇಲೆ ಬಲ ಹಾಕುವುದೇ ಪಾಠ ಅಂತ ಯಾರಾದರೂ ಓದಿಕೊಂಡಾರು.

ಇನ್ನೊಂದು ಪ್ರಶ್ನೆ. ಬಾಯೊಳಗೆ ಕೂರುವ ಕಬ್ಬಿಣ, ಕೈಯಲ್ಲಿ ಹಿಡಿಯುವ ಪಟ್ಟಿ, ಎರಡಕ್ಕೂ ಕಡಿವಾಣ, ಲಗಾಮು ಅಂತ ಬೆರೆಸಿ ಹೇಳುತ್ತೇವೆ. ಹಳೆಯ ಕಾವ್ಯದಲ್ಲಿ ಕೈಯ ಪಟ್ಟಿಗೆ ‘ವಾಘೆ’ ಅನ್ನುವ ಪದವೂ ಇದೆ. ಕೈಪಿಡಿಯಲ್ಲಿ ಇವು ಬೇರೆಬೇರೆ ಆಗಲೇಬೇಕು. ಆ ಕಬ್ಬಿಣ ಕೂರುವುದು ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ಎಲುಬಿನ ಮೇಲೆ ತೆಳುವಾದ ಒಸಡು ಅಷ್ಟೇ. ಕೈ ಎಳೆದದ್ದು ನೇರ ಅಲ್ಲಿಗೇ ತಟ್ಟುತ್ತದೆ. ಕಬ್ಬಿಣಕ್ಕೆ ‘ಕಡಿವಾಣ’, ಪಟ್ಟಿಗೆ ‘ಲಗಾಮು’ ಎಂದು ಇಟ್ಟುಕೊಳ್ಳುವ ಯೋಚನೆ ನನ್ನದು.

ಜಟಕಾ, ಟಾಂಗಾ ಓಡಿಸುವ ಮನೆಯವರ ಬಳಕೆ ಬಲ್ಲವರು ಇಲ್ಲಿದ್ದರೆ, ಅವರು ಯಾವುದಕ್ಕೆ ಏನಂತಾರೆ ದಯವಿಟ್ಟು ತಿಳಿಸಿ. ಊರಿನ ಹೆಸರೂ ಜೊತೆಗಿರಲಿ.